ಕೆಂಪು ತೊಟ್ಟಿಯ ಸದ್ದು

ಕರಿಗಲ್ಲು ಎಂಬ ನಮ್ಮ ಊರಿನಲ್ಲಿ ಕೆಂಪು ತೊಟ್ಟಿಯನ್ನು ಯಾರೂ ನೋಡುವುದಿಲ್ಲ. ಕೇಳುತ್ತೇವೆ.

ನಾಲ್ಕು ಆಳೆತ್ತರದ ಕಾಂಕ್ರೀಟ್ ತೊಟ್ಟಿ ಅದು. ಮೇಲೆ ಮುಚ್ಚಳ, ಒಳಗೆ ಬೆಚ್ಚಗಿನ ಕತ್ತಲು. ಬೆಳಕು ಹೋಗಬಾರದು, ಗಾಳಿ ಹೋಗಬಾರದು. ಒಳಗೋಡೆಯಲ್ಲಿ ಹದಿನಾರು ಸಣ್ಣ ಮೈಕುಗಳನ್ನು ಕೂರಿಸಿದ್ದಾರೆ. ನೀರಿನ ಪ್ಲಾಂಟಿನ ಕಂಟ್ರೋಲ್ ರೂಮಿನಲ್ಲಿ ಕೂತು ಸ್ಪೀಕರಿನ ಗುಂಡಿಯನ್ನು ಬಲಕ್ಕೆ ತಿರುಗಿಸಿದರೆ ಒಂದು ಸದ್ದು ಬರುತ್ತದೆ. ಯಾರೋ ಮೊರದಲ್ಲಿ ರಾಗಿಯನ್ನು ಬಹಳ ನಿಧಾನವಾಗಿ, ಒಂದು ಕ್ಷಣವೂ ನಿಲ್ಲಿಸದೆ ಹೊರಳಿಸುತ್ತಿರುವ ಹಾಗೆ. ಸಾಸಿವೆ ಕಾಳಿನಷ್ಟು ದಪ್ಪದ ಕೆಂಪು ಉಂಡೆಗಳಿಂದ ಗಾಳಿಯ ಗುಳ್ಳೆಗಳು ಬಿಟ್ಟು ಮೇಲೇಳುವ ಸದ್ದು ಅದು. ಒಂದೊಂದು ಉಂಡೆಯೂ ಲಕ್ಷಾಂತರ ಬ್ಯಾಕ್ಟೀರಿಯಾಗಳ ಊರು. ಆರು ವರ್ಷ ನಾನು ದಿನಕ್ಕೆ ಎಂಟು ಗಂಟೆ ಆ ಸದ್ದಿನ ಎದುರು ಕೂತಿದ್ದೇನೆ. ಮಾತಾಡುವವರಿಗಿಂತ ಅದರ ಜೊತೆ ಇರುವುದು ನನಗೆ ಸುಲಭ ಅನ್ನಿಸುತ್ತಿತ್ತು.

ಒಂದು ಊರಿನ ನೀರು ಇನ್ನೊಂದು ಊರಿಗೆ ಹೋಗುವಂತಿಲ್ಲ ಎಂಬ ಕಾಯಿದೆ ಬಂದು ಇಪ್ಪತ್ತೆರಡು ವರ್ಷವಾಯಿತು. ನದಿಯಿಂದ ಕರಿಗಲ್ಲಿಗೆ ಬರುತ್ತಿದ್ದ ಪೈಪು ಅಂದೇ ನಿಂತಿತು. ಅಲ್ಲಿಂದೀಚೆಗೆ ಇಲ್ಲಿನ ಹನ್ನೊಂದು ಸಾವಿರ ಜನ ತಮ್ಮದೇ ನೀರನ್ನು ಮತ್ತೆ ಮತ್ತೆ ಕುಡಿಯುತ್ತಿದ್ದಾರೆ. ಮೋರಿಗೆ ಬಿಟ್ಟ ನೀರು ಗಾಳಿ ತೊಟ್ಟಿ, ಕೆಂಪು ತೊಟ್ಟಿ, ಮರಳು, ಇದ್ದಿಲು, ಬಿಸಿಲ ಹಾಸುಗಳನ್ನು ದಾಟಿ ಹತ್ತೊಂಬತ್ತನೆಯ ದಿನ ಅದೇ ಮನೆಯ ನಲ್ಲಿಗೆ ಬರುತ್ತದೆ. ಮೊದಮೊದಲು ಜನ ಅದನ್ನು ಕುಡಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರಂತೆ. ಈಗ ಅದರ ಮೇಲೆ ಹಾಸ್ಯ ಕಟ್ಟಿದ್ದಾರೆ. ಬೀದಿಯಲ್ಲಿ ಇಬ್ಬರು ಜಗಳಕ್ಕೆ ನಿಂತರೆ ಮೂರನೆಯವರು, "ಹತ್ತೊಂಬತ್ತು ದಿನ ತಡ್ಕಳ್ರಪ್ಪ, ಇಬ್ರೂ ಒಂದೇ ಲೋಟದಾಗೆ ಸಿಕ್ತೀರ" ಎನ್ನುತ್ತಾರೆ.

ಕೊಳೆಯನ್ನು ಮರಳು ಹಿಡಿಯುತ್ತದೆ, ರೋಗವನ್ನು ಬಿಸಿಲು ಕೊಲ್ಲುತ್ತದೆ. ಆದರೆ ಮನುಷ್ಯರ ಮೂತ್ರದಿಂದ ನೀರಿಗೆ ಸೇರುವ ಸಾರಜನಕ ಉಪ್ಪು ಕರಗಿದ ಹಾಗೆ ಕರಗಿಬಿಟ್ಟಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತೆಗೆಯದೆ ಬಿಟ್ಟರೆ ಪ್ರತಿ ಸುತ್ತಿನಲ್ಲೂ ಹೆಚ್ಚುತ್ತ ಹೋಗಿ ನೈಟ್ರೇಟ್ ಆಗಿ ಲೋಟಕ್ಕೆ ಬರುತ್ತದೆ. ದೊಡ್ಡವರು ಸ್ವಲ್ಪ ಕಾಲ ತಾಳುತ್ತಾರೆ. ಆರು ತಿಂಗಳೊಳಗಿನ ಕೂಸುಗಳು ತಾಳುವುದಿಲ್ಲ. ಅವುಗಳ ರಕ್ತ ಉಸಿರನ್ನು ಹೊರುವುದು ಬಿಟ್ಟುಬಿಡುತ್ತದೆ, ತುಟಿ ನೀಲಿಯಾಗುತ್ತದೆ. ಕೆಂಪು ಬ್ಯಾಕ್ಟೀರಿಯಾಗಳು ಆ ಸಾರಜನಕವನ್ನು ಬಿಡಿಸಿ ಬರೀ ಗಾಳಿಯಾಗಿಸುತ್ತವೆ, ನಾವು ಉಸಿರಾಡುವ ಗಾಳಿಯ ಮುಕ್ಕಾಲು ಪಾಲು ಇರುವ ಅದೇ ಗಾಳಿ. ಅವಕ್ಕೆ ಬೇರೆ ಆಹಾರ ಬೇಡ. ಆದರೆ ಬಹಳ ನಿಧಾನ. ಬೇರೆ ಬ್ಯಾಕ್ಟೀರಿಯಾ ಅರ್ಧ ಗಂಟೆಗೆ ಒಂದು ಎರಡಾದರೆ ಇವಕ್ಕೆ ಎಲ್ಲ ಅನುಕೂಲವಿದ್ದರೂ ಹನ್ನೆರಡು ದಿನ ಬೇಕು. ಒಂದು ಡ್ರಮ್ಮಿನಷ್ಟು ಬೀಜ ತಂದು ಬಿಟ್ಟ ಮೇಲೆ ಈ ತೊಟ್ಟಿ ತುಂಬಲು ಮೂರು ವರ್ಷ ಹಿಡಿಯಿತು.

ತೊಟ್ಟಿ ಸತ್ತರೆ ಊರೂ ಹೋಗುತ್ತದೆ. ಸತತ ಮೂರು ಸುತ್ತು, ಎಂದರೆ ಐವತ್ತೇಳು ದಿನ, ನೈಟ್ರೇಟು ಒಂದು ದಿನವೂ ಇಳಿಯದೆ ನಲವತ್ತೈದು ಅಂಕ ದಾಟಿ ನಿಂತರೆ ಆ ಊರನ್ನು ಮುಚ್ಚುತ್ತಾರೆ. ಜನರನ್ನು ಹತ್ತು ಊರುಗಳಿಗೆ ಹಂಚುತ್ತಾರೆ. ಒಂದು ಮನೆಯವರು ಒಂದೇ ಊರಿಗೆ ಸಿಗುತ್ತಾರೆ ಎಂಬ ಭರವಸೆಯೂ ಇಲ್ಲ. ಪಕ್ಕದ ತುಂಬಿಗೆರೆ ಹಾಗೇ ಮುಚ್ಚಿಹೋಯಿತು. ಪಾಲಯ್ಯ ಅಲ್ಲಿಂದ ಬಂದವರು.

ಪಾಲಯ್ಯ ನಮ್ಮ ಪ್ಲಾಂಟಿನ ಎಲ್ಲರಿಗಿಂತ ಹಿರಿಯ ಆಪರೇಟರ್. ಅರವತ್ತೊಂದು ವಯಸ್ಸು. ಅವರ ಮನೆಯ ಮಹಡಿಯ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಕೆಳಗೆ ಅವರು ಮತ್ತು ಮಗಳು ನಾಗವೇಣಿ. ಅಳಿಯನನ್ನು ತುಂಬಿಗೆರೆ ಹಂಚಿಕೆಯಲ್ಲಿ ಬೇರೆ ಊರಿಗೆ ಬರೆದಿದ್ದರು; ಆತ ಮೂರು ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದ. ಆ ವರ್ಷದ ಕಾರ್ತೀಕದಲ್ಲಿ ನಾಗವೇಣಿಗೆ ಹೆಣ್ಣು ಕೂಸು ಹುಟ್ಟಿತು. ಬಾಣಂತಿ ಜ್ವರ ಬಂದು ಅವಳ ಹಾಲು ಬತ್ತಿತು. ಕೂಸಿಗೆ ಹಾಲಿನ ಪುಡಿಯೇ ಗತಿ, ಪುಡಿ ಕಲೆಸಲು ನೀರು.

ಪಾಲಯ್ಯನಿಗೆ ನಮ್ಮ ಮೈಕುಗಳ ಮೇಲೆ ನಂಬಿಕೆ ಇರಲಿಲ್ಲ. ಅವರ ಬಳಿ ಮೂರಡಿ ಉದ್ದದ ಕಬ್ಬಿಣದ ಸರಳೊಂದಿತ್ತು. ಮೋಟಾರಿನ ಬೇರಿಂಗ್ ಸವೆದಿದೆಯೇ ಎಂದು ನೋಡಲು ಹಳೆಯ ಮೆಕ್ಯಾನಿಕ್ಕರು ಇಟ್ಟುಕೊಳ್ಳುತ್ತಿದ್ದಂಥದು. ಅದರ ಒಂದು ತುದಿಯನ್ನು ತೊಟ್ಟಿಯ ಗೋಡೆಗೂ ಇನ್ನೊಂದನ್ನು ಕಿವಿಯ ಹಿಂದಿನ ಮೂಳೆಗೂ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು.

ಪುಷ್ಯಮಾಸದ ಒಂದು ಬೆಳಿಗ್ಗೆ ಅವರು ಸರಳನ್ನು ಕಿವಿಯಿಂದ ತೆಗೆಯದೆ ನನ್ನನ್ನು ಕರೆದರು. ಸದ್ದು ತೆಳ್ಳಗಾಗಿತ್ತು. ನಾನೂ ಅದನ್ನು ಸ್ಪೀಕರಿನಲ್ಲಿ ಗಮನಿಸಿದ್ದೆ. ಆ ವರ್ಷದ ಚಳಿ ಹೆಚ್ಚು; ತೊಟ್ಟಿಯನ್ನು ಬೆಚ್ಚಗಿಡುವ ಬಿಸಿಲ ಫಲಕಗಳ ಮೇಲೆ ಹನ್ನೊಂದು ಗಂಟೆಯವರೆಗೂ ಮಂಜು ಕೂತಿರುತ್ತಿತ್ತು.

"ಹಸ್ಕಂಡವೆ ತಾಯಿ" ಎಂದರು ಪಾಲಯ್ಯ.

"ಅವಕ್ಕೆ ನಮ್ಮ ಥರ ಹಸಿವಿಲ್ಲ ಪಾಲಯ್ಯಣ್ಣ. ಚಳಿಗೆ ಸೊರಗಿವೆ, ಅಷ್ಟೆ."

ಸೊರಗಿವೆ ಎಂದೆ. ನಿಧಾನವಾಗಿವೆ ಎನ್ನಬಹುದಿತ್ತು, ಅದೇ ಸರಿಯಾದ ಮಾತು. ಒಂದು ಮಾತನ್ನು ಆಡಿ ಮರೆತುಬಿಡುತ್ತೇವೆ. ಕೇಳಿದವರು ಅದನ್ನು ಮನೆಗೆ ಒಯ್ಯುತ್ತಾರೆ. ಸೊರಗಿದ ಜೀವವನ್ನು ಸುಮ್ಮನೆ ನೋಡುತ್ತ ಕೂರುವುದು ಪಾಲಯ್ಯ ಬೆಳೆದ ಮನೆಗಳಲ್ಲಿ ಪಾಪ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಆಮೇಲಿನ ವಾರಗಳಲ್ಲಿ ವಿಚಿತ್ರವೊಂದು ಶುರುವಾಯಿತು. ಬೆಳಿಗ್ಗೆ ಸದ್ದು ತೆಳ್ಳಗಿರುತ್ತಿತ್ತು. ಮಧ್ಯಾಹ್ನದ ಊಟ ಮುಗಿಸಿ ಬಂದು ಕೂತ ಒಂದೆರಡು ಗಂಟೆಯಲ್ಲಿ ಏರುತ್ತಿತ್ತು. ಕೆಲವು ದಿನ ಚಳಿಗೆ ಮೊದಲಿದ್ದುದಕ್ಕಿಂತ ಜೋರು. ನಾನು ಲಾಗ್ ಪುಸ್ತಕದಲ್ಲಿ 'ಚೇತರಿಕೆ' ಎಂದು ಬರೆದೆ. ಮರುದಿನ ಬೆಳಿಗ್ಗೆ ಅದು ಮೊದಲಿಗಿಂತ ಕೆಳಗಿಳಿದಿರುತ್ತಿತ್ತು. ಬಿಸಿಲು ಏರಿದಂತೆ ಬೆಚ್ಚಗಾಗಿ ಏಳುತ್ತಿವೆ ಎಂದು ನನಗೆ ನಾನೇ ವಿವರಿಸಿಕೊಂಡೆ. ಒಟ್ಟು ಹನ್ನೊಂದು ಸಲ ಆ ಪದವನ್ನು ಬರೆದಿದ್ದೇನೆ. ಏರಿದ ಸದ್ದು ಮೊರದ ರಾಗಿಯ ಹಾಗಿರದೆ ಕುದಿಯುವ ಅನ್ನದ ಹಾಗೆ ದಪ್ಪಗಿತ್ತು. ಅದು ಕಿವಿಗೆ ಬಿದ್ದಿತ್ತು. ಬೇಕಾದ ಸುದ್ದಿಯನ್ನೇ ಅದು ಹೇಳುತ್ತಿದ್ದುದರಿಂದ ನಾನು ದನಿಯನ್ನು ವಿಚಾರಿಸಲು ಹೋಗಲಿಲ್ಲ.

ನಲ್ಲಿ ನೀರಿನ ಅಂಕ ನಲವತ್ತೈದು ದಾಟಿತು. ಮುಖ್ಯ ಎಂಜಿನಿಯರ್ ಮುನೀರ್ ಸಾಹೇಬರು ಗೋಡೆಯ ಹಲಗೆಯ ಮೇಲೆ ದಿನ ಎಣಿಸಲು ಶುರುಮಾಡಿದರು. ಮೊದಲ ಸುತ್ತು ಮುಗಿಯುವ ಹೊತ್ತಿಗೆ ಐವತ್ತೆಂಟು ಇತ್ತು. ಮೋರಿಗೆ ವಿಷವೇನಾದರೂ ಸೇರುತ್ತಿದೆಯೇ ಎಂದು ಅವರು ಸೋಪಿನ ಅಂಗಡಿಗಳನ್ನೂ ಔಷಧಿ ಅಂಗಡಿಗಳನ್ನೂ ತಪಾಸಣೆ ಮಾಡಿಸಿದರು, ಮುಚ್ಚಳದ ರಬ್ಬರು ಬದಲಿಸಿದರು. ನಾನು ದಿನಕ್ಕೆರಡು ಸಲ ಸ್ಯಾಂಪಲ್ ತೆಗೆದು ಸೂಕ್ಷ್ಮದರ್ಶಕದ ಅಡಿಯಲ್ಲಿ ನೋಡುತ್ತಿದ್ದೆ. ಕೆಂಪು ಉಂಡೆಗಳ ಮೈಮೇಲೆ ಬೂದು ಲೋಳೆ ಕಟ್ಟುತ್ತಿತ್ತು. ಬೇರೆ ಬ್ಯಾಕ್ಟೀರಿಯಾ. ಅವು ಬೆಳೆಯಲು ಏನಾದರೂ ತಿನ್ನಬೇಕು. ಏನು ತಿನ್ನುತ್ತಿವೆ ಎಂಬುದೇ ತಿಳಿಯಲಿಲ್ಲ.

ಊರಿನಲ್ಲಿ ಹಳೆಯ ಪದ್ಧತಿಯೊಂದನ್ನು ಮತ್ತೆ ತಂದರು. ಬೆಟ್ಟದ ಬಂಡೆಯ ಮೇಲಿನ ದೊಣೆಯಲ್ಲಿ ನಿಂತ ಮಳೆನೀರನ್ನು ಕ್ಯಾನುಗಳಲ್ಲಿ ತಂದು, ಕೂಸಿರುವ ಮನೆಗೆ ದಿನಕ್ಕೆ ಎರಡು ಲೀಟರಿನಂತೆ ಕೊಡುವುದು. ನಾಗವೇಣಿ ಆ ಕ್ಯಾನನ್ನು ದೇವರ ಮನೆಯ ಬಾಗಿಲಲ್ಲಿಟ್ಟು ಬಟ್ಟೆ ಮುಚ್ಚುತ್ತಿದ್ದಳು. ಅವಳು ಕಡಿಮೆ ಮಾತಿನವಳು. ನಾನು ಮೆಟ್ಟಿಲು ಇಳಿಯುವಾಗ ಮುಖ ನೋಡಿ ಅಂಕವನ್ನು ಊಹಿಸಿ ಒಳಗೆ ಹೋಗಿಬಿಡುತ್ತಿದ್ದಳು.

ಎರಡನೆಯ ಸುತ್ತಿನ ಹದಿನೇಳನೆಯ ದಿನ ಬೆಳಗಿನ ಜಾವ ಆ ಕ್ಯಾನು ಕಾಲು ತಾಗಿ ಉರುಳಿತು. ಅವಳು ಯಾರಿಗೂ ಹೇಳಲಿಲ್ಲ. ನಲ್ಲಿ ನೀರನ್ನು ತಪ್ಪಲೆಗೆ ಹಿಡಿದು, ಕೂಸಿನದೆಂದು ಹೆಚ್ಚು ಎಚ್ಚರ ವಹಿಸಿ, ಅರ್ಧಕ್ಕೆ ಇಳಿಯುವವರೆಗೂ ಕುದಿಸಿದಳು. ಆರಿಸಿ ಪುಡಿ ಕಲೆಸಿ ಕುಡಿಸಿದಳು. ಎರಡು ಸಲ. ಮೂರನೆಯ ಸಲಕ್ಕೆ ಕೂಸು ಬಾಯಿ ತೆರೆಯಲಿಲ್ಲ. ಅವಳ ಕೂಗಿಗೆ ನಾನು ಇಳಿದು ಬಂದಾಗ ಕೂಸಿನ ತುಟಿ ನೇರಳೆ ಹಣ್ಣು ತಿಂದ ಹಾಗಿತ್ತು. ಅಳುತ್ತಿರಲಿಲ್ಲ. ಅದು ಅಳದಿದ್ದುದೇ ನನ್ನನ್ನು ಹೆದರಿಸಿತು.

ಆಸ್ಪತ್ರೆಯಲ್ಲಿ ನೀಲಿ ಬಣ್ಣದ ಮದ್ದೊಂದನ್ನು ರಕ್ತಕ್ಕೆ ಕೊಟ್ಟರು. ಒಂದು ಗಂಟೆಯಲ್ಲಿ ತುಟಿಗೆ ಬಣ್ಣ ಮರಳಿತು. ಹೊರಗಿನ ಬೆಂಚಿನ ಮೇಲೆ ನಾಗವೇಣಿ ನನ್ನ ಪಕ್ಕ ಕೂತಳು.

"ಅಷ್ಟೊತ್ತು ಕುದಿಸಿದ್ನಲ್ಲ ಅಕ್ಕ."

ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ, ಅರ್ಧ ನೀರಿನಲ್ಲಿ ಅದೇ ವಿಷ ಎರಡು ಪಾಲಾಗುತ್ತದೆ ಎಂದು ಹೇಳಲೇಬೇಕಾಯಿತು. ಇನ್ನೊಮ್ಮೆ ಹಾಗೆ ಮಾಡಬಾರದಲ್ಲ. ಅವಳು ತನ್ನ ಎರಡು ಕೈಗಳನ್ನು ನೋಡಿಕೊಂಡು ಕೂತಳು. ಪಾಲಯ್ಯ ಗೋಡೆಗೆ ಒರಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಊಟದ ಹೊತ್ತಿಗಿಂತ ಮುಂಚೆ, ಪಾಳಿ ಐತೆ ಎಂದು ಹೇಳಿ ಪ್ಲಾಂಟಿಗೆ ನಡೆದರು.

ಆ ಮಧ್ಯಾಹ್ನ ತೊಟ್ಟಿಯ ಸದ್ದು ಎಂದೂ ಇಲ್ಲದಷ್ಟು ಏರಿತ್ತು. ನಾನು ಮೂರು ಗಂಟೆಗೆ ಬಂದು ಕೂತೆ. ಪೆನ್ನು ತೆಗೆದು ಲಾಗ್ ಪುಸ್ತಕದಲ್ಲಿ 'ಚೇ' ಎಂದು ಬರೆದವಳು ಅಲ್ಲಿಗೇ ನಿಂತೆ. ಹನ್ನೆರಡು ದಿನಕ್ಕೆ ಒಂದು ಎರಡಾಗುವ ಜೀವಗಳು ಎರಡು ಗಂಟೆಯಲ್ಲಿ ಚೇತರಿಸಿಕೊಳ್ಳುವುದು ಹೇಗೆ? ಇಷ್ಟು ಬೇಗ ಏಳುವುದು ಬೇರೆ ಯಾವುದೋ. ಆ ಬೇರೆಯವು ಊಟ ಸಿಕ್ಕಾಗ ಗುಳ್ಳೆ ಬಿಡುತ್ತವೆ.

ಹೊರಗೆ ಹೋಗಿ ತೊಟ್ಟಿಗೆ ನೀರು ಹೋಗುವ ಪೈಪಿನ ಗುಂಟ ನಡೆದೆ. ಪೈಪಿಗೆ ಸುಣ್ಣದ ತಿಳಿ ಬಿಡುವ ಡ್ರಮ್ಮಿನ ಹತ್ತಿರ ಇರುವೆಗಳ ಸಾಲಿತ್ತು. ಗೋಡೆಯ ಬಿರುಕಿನಿಂದ ಹೊರಟು ಡ್ರಮ್ಮಿನ ಅಂಚಿನವರೆಗೆ, ಹೋಗುವ ಸಾಲು ಒಂದು, ಬರುವ ಸಾಲು ಒಂದು. ಇರುವೆ ಬಾರದಿರಲೆಂದು ಜನ ಸುಣ್ಣದ ಗೆರೆ ಎಳೆಯುತ್ತಾರೆ. ಸುಣ್ಣದ ಡ್ರಮ್ಮಿಗೇ ಇರುವೆ ಹತ್ತಿತ್ತು. ಬೆರಳಲ್ಲಿ ಅಂಚನ್ನು ಸವರಿ ನಾಲಗೆಗೆ ಇಟ್ಟುಕೊಂಡೆ.

ಹಳೆಯ ಉಗ್ರಾಣದಲ್ಲಿ ನಲವತ್ತು ಮೂಟೆ ಕಪ್ಪು ಬೆಲ್ಲ ಇತ್ತು. ಗಾಳಿ ತೊಟ್ಟಿಗಳನ್ನು ಮೊದಲ ಸಲ ನಡೆಸುವಾಗ ಅದರ ಬ್ಯಾಕ್ಟೀರಿಯಾಗಳಿಗೆ ಬೆಲ್ಲವನ್ನೂ ಸಗಣಿಯನ್ನೂ ಕಲಕಿ ಹಾಕುವುದು ಎಲ್ಲ ಪ್ಲಾಂಟುಗಳ ರೂಢಿ. ಕರೆಂಟು ಹೋಗಿ ತೊಟ್ಟಿ ಬಾಡಿದರೆ ಮತ್ತೆ ಅದೇ ಮದ್ದು. ಹಳೆಯ ಆಪರೇಟರುಗಳಿಗೆ ಅದು ಕೈಯಲ್ಲೇ ಕೂತ ವಿದ್ಯೆ, ತಪ್ಪಲ್ಲ. ನಾನು ಹೋದಾಗ ಒಂಬತ್ತು ಮೂಟೆ ಉಳಿದಿದ್ದವು. ಪಾಲಯ್ಯ ತಳ್ಳುಗಾಡಿಯ ಹಿಡಿಕೆಯ ಮೇಲೆ ಕೈಯಿಟ್ಟು ಅಲ್ಲೇ ಕೂತಿದ್ದರು. ಎಲ್ಲರೂ ಊಟಕ್ಕೆ ಹೋದಾಗ ಪ್ಯಾನಲ್ಲಿನ ಹತ್ತಿರ ಇರುತ್ತಿದ್ದವರು ಅವರೊಬ್ಬರೇ. ಮನೆಯಿಂದ ಬುತ್ತಿ ತರುತ್ತಿದ್ದರು.

"ಯಾಕೆ ನನ್ನ ಕೇಳಲಿಲ್ಲ?" ಎಂದೆ.

"ಕೇಳಿದ್ರೆ ಬ್ಯಾಡ ಅಂತಿದ್ರಿ." ಹಿಡಿಕೆಯಿಂದ ಕೈ ತೆಗೆದು ಹೇಳಿದರು, "ತುಂಬಿಗೆರೇಲಿ ಕೇಳಿದ್ದೆ. ಕರೆಂಟು ಹೋಗಿ ಗಾಳಿ ತೊಟ್ಟಿ ಬಾಡಿತ್ತು. ಬೆಲ್ಲ ಹಾಕ್ಲಾ ಸಾಹೇಬ್ರೆ ಅಂದೆ. ಬ್ಯಾಡ, ಮೇಲಿಂದ ಅಪ್ಪಣೆ ಬರ್ಲಿ ಅಂದ್ರು. ಸುಮ್ಕಿದ್ದೆ. ಕಣ್ಮುಂದೆ ಸತ್ವು ತಾಯಿ. ಊರೂ ಹೋತು."

ಇದು ಆ ಜಾತಿಯ ಬ್ಯಾಕ್ಟೀರಿಯಾ ಅಲ್ಲ ಎಂದು ವಿವರಿಸಿದೆ. ಬೆಲ್ಲವನ್ನು ಕೆಂಪು ಉಂಡೆಗಳು ತಿನ್ನುವುದೇ ಇಲ್ಲ. ಬೂದು ಬ್ಯಾಕ್ಟೀರಿಯಾ ತಿಂದು, ಒಂದಕ್ಕೆ ಸಾವಿರವಾಗಿ, ಇವುಗಳ ಮೈಮೇಲೆ ಕಂಬಳಿಯಂತೆ ಹೊದ್ದು ಉಸಿರು ಕಟ್ಟಿಸುತ್ತವೆ. ಚಳಿ ಹೋದ ಮೇಲೆ ಇವು ತಾವಾಗಿ ಸರಿಹೋಗುತ್ತಿದ್ದವು. ಆ ಕೊನೆಯ ಮಾತನ್ನು ಹೇಳಬಾರದಿತ್ತು. ಪಾಲಯ್ಯ ಅದನ್ನು ಎರಡು ಸಲ ಹೇಳಿಸಿಕೊಂಡರು.

"ನಾನು ಹಾಕಿದ್ಮ್ಯಾಲೆ ಸದ್ದು ಏಳ್ತಿತ್ತಲ್ಲ. ನಾನು ಕೇಳಿವ್ನಿ. ಸುಳ್ಳಾ ಅದು?"

ಸುಳ್ಳಲ್ಲ, ನಾನೂ ಅದನ್ನೇ ಕೇಳಿ ಪುಸ್ತಕದಲ್ಲಿ ಬರೆದೆ ಎಂದೆ. ಅವರು ನನ್ನನ್ನು ನೋಡಿದರು. ಆ ನೋಟದಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಹಗುರಾಗುತ್ತಿತ್ತು.

ಇಬ್ಬರೂ ಮುನೀರ್ ಸಾಹೇಬರ ಕೋಣೆಗೆ ಹೋದೆವು. ಪಾಲಯ್ಯ ನಿಂತೇ ಎಲ್ಲವನ್ನೂ ಹೇಳಿದರು. ನಾನು ಲಾಗ್ ಪುಸ್ತಕ ತೆರೆದು ಹನ್ನೊಂದು ಜಾಗಗಳಲ್ಲಿ ಬೆರಳಿಟ್ಟು ತೋರಿಸಿದೆ. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಪಾಲಯ್ಯನಿಗೆ, ನಾಳೆಯಿಂದ ಗೇಟಿನೊಳಗೆ ಬರಬಾರದು ಎಂದರು. ನನಗೆ, ಎಷ್ಟು ದಿನ ಬೇಕು ಎಂದು ಕೇಳಿದರು.

ತೊಟ್ಟಿಯನ್ನು ಜರಡಿಯಲ್ಲಿ ಸೋಸಿ ಲೋಳೆ ಹೊರಹಾಕಲು ಮೂರು ದಿನ. ಮೂರನೆಯ ಒಂದು ಪಾಲು ಕೆಂಪು ಉಳಿದೀತು. ಪೆಟ್ಟು ತಿಂದ ಅದು ಪೂರ್ತಿಯಾಗಲು ಮೂರು ತಿಂಗಳು. ಹಲಗೆಯ ಮೇಲೆ ನಮಗೆ ಉಳಿದಿದ್ದುದು ಎರಡನೆಯ ಸುತ್ತಿನ ಎರಡು ದಿನ, ಆಮೇಲೆ ಕೊನೆಯ ಸುತ್ತಿನ ಹತ್ತೊಂಬತ್ತು ದಿನ.

"ತೊಟ್ಟಿ ಬೇಗ ಬೆಳೆಯುವುದಿಲ್ಲ ಸರ್," ಎಂದೆ. "ಅದರ ಕೆಲಸ ಕಡಿಮೆ ಮಾಡಬಹುದು. ನೀರಿಗೆ ಸೇರುವ ಸಾರಜನಕದಲ್ಲಿ ಮುಕ್ಕಾಲು ಪಾಲು ಬರುವುದು ಮೂತ್ರದಿಂದ. ಊರಿನವರು ಅದನ್ನು ಮೋರಿಗೆ ಬಿಡದೆ ಬೇರೆ ಹಿಡಿದಿಟ್ಟರೆ…"

"ಹನ್ನೊಂದು ಸಾವಿರ ಜನವಾ, ವಸುಮತಿ?"

"ನಾಡಿದ್ದಿಗೆಲ್ಲ ಎಲ್ಲ ಮನೆಗಳೂ ಶುರುಮಾಡಬೇಕು. ಆ ದಿನ ಬಿಟ್ಟ ನೀರೇ ಕೊನೆಯ ದಿನ ನಲ್ಲಿಗೆ ಬರುವುದು."

ಊರಿನ ಸಭೆ ಸೇರಿಸಿ, ನಿರ್ಣಯ ಮಾಡಿ, ನೋಟೀಸು ಅಂಟಿಸಲು ನಾಲ್ಕು ದಿನ ಬೇಕು. ಸಾಹೇಬರು ಫೋನು ಕೈಗೆತ್ತಿಕೊಂಡರು. ಅಷ್ಟರಲ್ಲಿ ಪಾಲಯ್ಯ ಅಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ಕಸದ ಗಾಡಿ ನಮ್ಮ ಬೀದಿಗೆ ಬಂತು. ದಿನಾ ಅದರ ಮೈಕಿನಲ್ಲಿ ಬರುತ್ತಿದ್ದ ಹಸಿ ಕಸ, ಒಣ ಕಸದ ಹಾಡು ಅಂದು ಇರಲಿಲ್ಲ. ಪಾಲಯ್ಯನ ದನಿ ಇತ್ತು.

"ನಾನು ನೀರಿನ ಪ್ಲಾಂಟಿನ ಪಾಲಯ್ಯ. ಕೆಂಪು ತೊಟ್ಟಿ ಕೆಡಿಸಿದೋನು ನಾನೇ. ಬೆಲ್ಲ ಹಾಕಿ ಕೆಡಿಸ್ದೆ. ಇವತ್ತಿಂದ ಹತ್ತೊಂಬತ್ತು ದಿನ ಉಚ್ಚೆ ಮೋರಿಗೆ ಬಿಡಬ್ಯಾಡ್ರಿ. ಕ್ಯಾನಿಗೆ ಹಿಡಿದು ಬಾಗ್ಲಾಗಿಡ್ರಿ. ನಾನೇ ಬಂದು ಒಯ್ತೀನಿ."

ಅಷ್ಟೇ. ಅದನ್ನೇ ಪ್ರತಿ ಬೀದಿಯ ತಿರುವಿನಲ್ಲೂ ಹೇಳಿದರು. ಕ್ಷಮಿಸಿ ಎನ್ನಲಿಲ್ಲ, ತುಂಬಿಗೆರೆಯ ಮಾತು ತೆಗೆಯಲಿಲ್ಲ. ನಾಗವೇಣಿ ಕೂಸನ್ನು ಎತ್ತಿಕೊಂಡು ಕಿಟಕಿಯ ಹಿಂದೆ ನಿಂತು ಕೇಳಿದಳು. ತೊಟ್ಟಿ ಕೆಡಿಸಿದ್ದು ಯಾರೆಂದು ಅವಳಿಗೆ ತಿಳಿದದ್ದು ಹಾಗೆ.

ಮೊದಲ ದಿನ ಅರ್ಧ ಬೀದಿಗಳಲ್ಲಿ ಮಾತ್ರ ಕ್ಯಾನುಗಳಿದ್ದವು. ಕೆಲವರು ಬಾಗಿಲು ಹಾಕಿಕೊಂಡರು. ಕಬ್ಬಿಣದ ಅಂಗಡಿಯ ಹತ್ತಿರ ಒಬ್ಬ, ನಿನ್ನ ಬಾಯಿಗೆ ಬಿಡ್ತೀನಿ ಬಾ ಎಂದನಂತೆ. ಪಾಲಯ್ಯ ಗಾಡಿ ನಿಲ್ಲಿಸಿ ಅವನೆದುರು ಕಾದು ನಿಂತರಂತೆ, ಅವನೇ ಒಳಗೆ ಹೋಗುವವರೆಗೆ. ಗಾಣಿಗರ ಬೀದಿಯ ಮುದುಕಿಯೊಬ್ಬಳು ಮಾತ್ರ, "ನಾನಾಗಿದ್ರೂ ಹಾಕ್ತಿದ್ದೆ ಕಣೋ. ಸೊರಗಿದ್ದಕ್ಕೆ ಸೀ ಕೊಡ್ದೆ ಇನ್ನೇನು ಕೊಡ್ತಾರೆ" ಎಂದು ತನ್ನ ಕ್ಯಾನನ್ನು ತಾನೇ ಎತ್ತಿ ಗಾಡಿಗಿಟ್ಟಳು. ಎರಡನೆಯ ದಿನದ ಹೊತ್ತಿಗೆ ಕ್ಯಾನಿಲ್ಲದ ಬಾಗಿಲನ್ನು ಅಕ್ಕಪಕ್ಕದವರೇ ತಟ್ಟುತ್ತಿದ್ದರು. ಶಾಲೆಯಲ್ಲಿ, ಬಸ್ ನಿಲ್ದಾಣದಲ್ಲಿ, ಮದುವೆ ಛತ್ರದ ಹಿಂದೆ ಡ್ರಮ್ಮುಗಳು ಬಂದವು. ಹೆಂಗಸರು ಕ್ಯಾನಿಗೆ ಹಳೆಯ ಸೀರೆ ಸುತ್ತಿ ಇಡುತ್ತಿದ್ದರು, ಮೊದಮೊದಲು ನಾಚಿಕೆಗೆ, ಆಮೇಲೆ ರೂಢಿಗೆ. ಎಲ್ಲವನ್ನೂ ಊರಾಚೆಯ ಕಲ್ಲು ಕ್ವಾರಿಯ ಹೊಂಡಕ್ಕೆ ಒಯ್ದು ಬೂದಿ ಬೆರೆಸಿ ಒಣಗಲು ಬಿಟ್ಟರು. ನಮ್ಮ ಬೀದಿಯಲ್ಲಿ ನಾಗವೇಣಿಯನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ದೊಣೆ ನೀರಿನ ಕ್ಯಾನು ಮಾತ್ರ ತಪ್ಪದೆ ಬಂತು.

ಪ್ಲಾಂಟಿನಲ್ಲಿ ನಾವು ಸೋಸಿ ಉಳಿದ ಕೆಂಪನ್ನು ಮತ್ತೆ ಕತ್ತಲಿಗೆ ಬಿಟ್ಟು ಮುಚ್ಚಳ ಹಾಕಿದೆವು. ಬಿಸಿಲ ಫಲಕಗಳನ್ನು ದಿನವೂ ಬೆಳಿಗ್ಗೆ ಒರೆಸಿದೆವು. ಅದಕ್ಕಿಂತ ಹೆಚ್ಚು ಮಾಡುವುದೇನೂ ಇರಲಿಲ್ಲ. ಸ್ಪೀಕರಿನಿಂದ ಬಹುಪಾಲು ಮೌನವೇ ಬರುತ್ತಿತ್ತು. ಮೌನ ನನಗೆ ಇಷ್ಟ ಎಂದುಕೊಂಡು ಬದುಕಿದವಳು ನಾನು. ಆ ಹತ್ತೊಂಬತ್ತು ದಿನ ಅದರೆದುರು ಕೂತಾಗ, ಏನಾದರೂ ಹಾಕಿಬಿಡೋಣ, ಏನಾದರೂ ಮಾಡಿಬಿಡೋಣ ಎಂದು ಕೈ ತುಡಿಯುತ್ತಿತ್ತು. ಪಾಲಯ್ಯ ಆ ಉಗ್ರಾಣಕ್ಕೆ ಯಾಕೆ ನಡೆದರು ಎಂಬುದು ನನಗೆ ಅರ್ಥವಾದದ್ದು ಆಗ. ಲಾಗ್ ಪುಸ್ತಕದಲ್ಲಿ ದಿನಾಂಕದ ಮುಂದೆ ಅಂಕವನ್ನಷ್ಟೇ ಬರೆದೆ. ಅರವತ್ತೊಂದು. ಅರವತ್ತು. ಅರವತ್ತು. ಐವತ್ತೇಳು.

ಕೊನೆಯ ಸುತ್ತಿನ ಹತ್ತೊಂಬತ್ತನೆಯ ದಿನ ಮಧ್ಯಾಹ್ನ ನಲ್ಲಿ ನೀರಿನ ಅಂಕ ನಲವತ್ತಮೂರು ಬಂತು. ಮುನೀರ್ ಸಾಹೇಬರು ನನ್ನಿಂದ ಮೂರು ಸಲ ಪರೀಕ್ಷೆ ಮಾಡಿಸಿದರು. ಮೂರು ಸಲವೂ ಅಷ್ಟೇ. ಅವರು ಹಲಗೆಯ ಹತ್ತಿರ ಹೋಗಿ ಎಣಿಕೆಯನ್ನು ಅಳಿಸಿ, ಕೈಗಂಟಿದ ಸೀಮೆಸುಣ್ಣದ ಪುಡಿಯನ್ನು ಒರೆಸಿಕೊಳ್ಳದೆ ಹಾಗೇ ಕುರ್ಚಿಯಲ್ಲಿ ಕೂತರು.

ಜನ ಕ್ಯಾನು ಇಡುವುದನ್ನು ಅಲ್ಲಿಗೆ ನಿಲ್ಲಿಸಲಿಲ್ಲ. ತೊಟ್ಟಿ ತುಂಬುವವರೆಗೆ ಇಟ್ಟರು. ಪಾಲಯ್ಯ ಅಷ್ಟು ದಿನವೂ ಗಾಡಿಯ ಜೊತೆ ನಡೆದರು. ಹೇಳಬೇಕಾದದ್ದೇನೂ ಇರದಿದ್ದುದರಿಂದ ಮೈಕು ಬಂದ್ ಮಾಡಿರುತ್ತಿದ್ದರು.

ವೈಶಾಖದಲ್ಲಿ ಮೊರದ ರಾಗಿಯ ಸದ್ದು ಪೂರ್ತಿ ಮರಳಿತು. ಅಂಕ ಒಂಬತ್ತಕ್ಕೆ ಇಳಿದಿತ್ತು. ಆ ಸಂಜೆ ನಾನು ಮನೆಗೆ ಬಂದಾಗ ಪಾಲಯ್ಯ ಜಗಲಿಯ ಮೇಲೆ ಕೂತಿದ್ದರು, ಆ ಸರಳು ಮೂಲೆಯಲ್ಲಿ ಒರಗಿತ್ತು. ಗೇಟಿನೊಳಗೆ ಅವರಿಗೆ ಇನ್ನೂ ಪ್ರವೇಶವಿರಲಿಲ್ಲ. ಸದ್ದು ಹೆಂಗೈತೆ ಎಂದು ಅವರು ಕೇಳಿದರು. ಮೊದಲಿನ ಹಾಗೇ ಇದೆ ಎಂದೆ.

"ಏನ್ ಕೊಟ್ರಿ?"

"ಏನೂ ಕೊಡಲಿಲ್ಲ."

ಅವರು ತಲೆಯಾಡಿಸಿದರು. ನಂಬಿದ್ದಕ್ಕೋ, ಕಲಿತದ್ದಕ್ಕೋ, ನನಗೆ ತಿಳಿಯಲಿಲ್ಲ.

ಕೂಸಿಗೆ ಅಂದಿಗೆ ಆರು ತಿಂಗಳು ತುಂಬಿತ್ತು. ನಾಗವೇಣಿ ಅದನ್ನು ಮಡಿ ಬಟ್ಟೆಯ ಮೇಲೆ ಕೂರಿಸಿ, ಪಕ್ಕದಲ್ಲಿ ತಟ್ಟೆಯಿಟ್ಟಿದ್ದಳು. ತಟ್ಟೆಯಲ್ಲಿ ಮೊದಲ ಊಟದ ದಿನ ನಾಲಗೆಗೆ ಮುಟ್ಟಿಸುವ ಬೆಲ್ಲದ ಚೂರಿತ್ತು, ಅದರ ಪಕ್ಕದಲ್ಲಿ ಬೆಳ್ಳಿಯ ಒಳಲೆ. ಪಾಲಯ್ಯ ಒಳಬಂದು ಕೂತರು. ಬೆಲ್ಲದ ಚೂರನ್ನು ಎರಡು ಬೆರಳಲ್ಲಿ ಎತ್ತಿಕೊಂಡು ನೋಡಿ, ಮತ್ತೆ ತಟ್ಟೆಗಿಟ್ಟು, ತಟ್ಟೆಯನ್ನು ಮಗಳ ಕಡೆ ಸರಿಸಿದರು.

ನಾಗವೇಣಿ ನಲ್ಲಿ ತಿರುಗಿಸಿ ಒಳಲೆಗೆ ನೀರು ಹಿಡಿದು ತಂದಳು. ಕುದಿಸಲಿಲ್ಲ. ಕೂಸಿನ ಬಾಯಿಯ ಹತ್ತಿರ ಒಯ್ದು ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಕುಡಿಸ್ಲಾ ಅಕ್ಕ?"

ಅಂಕ ನನಗೆ ಗೊತ್ತಿತ್ತು. ಅದೇ ಬೆಳಿಗ್ಗೆ ನನ್ನ ಕೈಯಿಂದಲೇ ಪರೀಕ್ಷೆ ಮಾಡಿದ್ದೆ. ಆದರೂ ಆ ಪುಸ್ತಕದ ಹನ್ನೊಂದು ಸಾಲುಗಳು ಒಂದಾದ ಮೇಲೊಂದು ಕಣ್ಣ ಮುಂದೆ ಬಂದು ಹೋಗುವವರೆಗೆ ನನಗೆ ಬಾಯಿ ತೆರೆಯಲಾಗಲಿಲ್ಲ. ಅವಳು ಕಾದಳು.

"ಕುಡಿಸು" ಎಂದೆ.

ಕೂಸು ಮುಖ ಕಿವುಚಿ ಒಂದು ಗುಟುಕು ನುಂಗಿತು. ಗದ್ದದ ಮೇಲೆ ಇಳಿದ ಹನಿಯನ್ನು ನಾಗವೇಣಿ ಸೆರಗಿನಿಂದ ಒತ್ತಿದಳು. ಹಿತ್ತಲ ಬಾಗಿಲಿನಿಂದ ಬರುತ್ತಿದ್ದ ಇಳಿಬಿಸಿಲಿನಲ್ಲಿ ನಾವು ಮೂವರೂ ಅದರ ತುಟಿಯನ್ನೇ ನೋಡುತ್ತ ಕೂತೆವು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೂಸು ಇನ್ನೊಂದು ಗುಟುಕಿಗೆ ಬಾಯಿ ತೆರೆಯಿತು.